ಹಿಂದಿನ ಬಲಬಾಗಿಲು

ಎರಡು ವಿಮಾನ ಕಂಪನಿಗಳು ಒಂದಾಗುತ್ತವೆ ಎಂಬ ಸುದ್ದಿ ಕೇಳಿ ಆ ಮನೆಯಲ್ಲಿ ಖುಷಿಪಟ್ಟವರು ಅತ್ತೆಯೊಬ್ಬರೇ. ಸೊಸೆ ಕೆಂಪು ಸಮವಸ್ತ್ರದ ಸಣ್ಣ ಕಂಪನಿಯಲ್ಲಿ ಇಪ್ಪತ್ತೊಂದು ವರ್ಷದಿಂದ ಗಗನಸಖಿ. ಮಗ ನೀಲಿ ಸಮವಸ್ತ್ರದ ದೊಡ್ಡ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸದವನು. ಒಬ್ಬರು ಮನೆಗೆ ಬರುವಾಗ ಇನ್ನೊಬ್ಬರು ಪೆಟ್ಟಿಗೆ ಎಳೆದುಕೊಂಡು ಹೊರಟಿರುತ್ತಿದ್ದರು. "ಇನ್ಮೇಲಾದ್ರೂ ಇಬ್ರೂ ಒಂದೇ ಹೊತ್ತಿಗೆ ಊಟಕ್ಕೆ ಕೂರ್ತೀರಲ್ಲ, ಅಷ್ಟು ಸಾಕು ನಂಗೆ" ಎಂದಿದ್ದರು ಅತ್ತೆ. ಎಂಟು ತಿಂಗಳಾಯಿತು. ಈಗ ಇಬ್ಬರೂ ಒಂದೇ ಹೊತ್ತಿಗೆ ಕೂರುತ್ತಾರೆ ನಿಜ, ಆದರೆ ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಉಪ್ಪು ಬೇಕಾದರೆ ಅತ್ತೆಯನ್ನು ಕೇಳುತ್ತಾರೆ.

ಜಗಳ ಒಂದು ಪಟ್ಟಿಯದು. ವಿಮಾನದ ಕೆಲಸದಲ್ಲಿ ಹಿರಿತನವೇ ಎಲ್ಲ. ಯಾರಿಗೆ ಯಾವ ಹಾರಾಟ, ಯಾರಿಗೆ ಯಾವಾಗ ರಜೆ, ಯಾರು ಇನ್‌ಚಾರ್ಜ್, ಕೆಲಸಕ್ಕೆ ಕತ್ತರಿ ಬಿದ್ದರೆ ಯಾರ ಕುತ್ತಿಗೆ ಮೊದಲು ಎಂಬುದೆಲ್ಲ ಆ ಪಟ್ಟಿಯಲ್ಲಿ ನಿಮ್ಮ ಸಾಲು ಎಷ್ಟನೆಯದು ಎಂಬುದರ ಮೇಲೆ ನಿಂತಿದೆ. ಈಗ ಎರಡು ಪಟ್ಟಿಗಳನ್ನು ಒಂದು ಮಾಡಬೇಕು. ಕೆಂಪಿನವರು ಮುನ್ನೂರ ನಲವತ್ತು ಮಂದಿ. ಸೇರಿದ ದಿನದಿಂದಲೇ ನಮ್ಮ ವರ್ಷ ಎಣಿಸಿ ಎಂದು ಅವರು ಕೇಳಿದರು. ನೀಲಿಯವರ ಸಂಘ ಒಪ್ಪಲಿಲ್ಲ. ಕಂಪನಿಗಳು ಒಂದಾದ ದಿನವೇ ನೀವು ಸೇರಿದ ದಿನ, ಅಲ್ಲಿಂದ ಎಣಿಸಿಕೊಳ್ಳಿ ಎಂದಿತು. ಹಾಗೆಂದ ಸಂಘದ ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಅವಳ ಗಂಡ. ಮಾತುಕತೆ ಆರು ಸುತ್ತು ನಡೆದು ಕೊನೆಗೆ ಸಹಿಗೆ ದಿನ ಗೊತ್ತಾಗಿತ್ತು, ಬೆಳಿಗ್ಗೆ ಹತ್ತು ಗಂಟೆಗೆ.

ಅದರ ಹಿಂದಿನ ದಿನ ಬೆಳಿಗ್ಗೆ ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಕನ್ನಡಿಯ ಮುಂದೆ ತುರುಬಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಸುಮ್ಮನಿದ್ದರೆ ಆಗುತ್ತಿತ್ತು, ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನಾಳೆ ಸಹಿ ಹಾಕಿದ್ಮೇಲೆ ನಾನು ಎಂಟು ತಿಂಗಳ ಮಗು, ಅಲ್ವಾ?" ಎಂದಳು.

"ಅದು ನಿನ್ನೊಬ್ಬಳ ವಿಷಯ ಅಲ್ಲ. ನಮ್ಮೋರು ಎರಡು ಸಾವಿರ ಜನ ಇದ್ದಾರೆ. ನಿಮ್ಮೋರನ್ನ ಮಧ್ಯೆ ತೂರಿಸಿದ್ರೆ ಅವರೆಲ್ಲ ಕೆಳಗೆ ಹೋಗ್ತಾರೆ. ಅವರಿಗೆ ನಾನೇನು ಹೇಳ್ಲಿ, ನನ್ ಹೆಂಡ್ತಿಗೋಸ್ಕರ ಬಿಟ್ಕೊಟ್ಟೆ ಅಂತನಾ?"

"ಹೆಂಡ್ತಿ ಅಂತ ಯಾರ್ರೀ ಕೇಳಿದ್ರು? ಇಪ್ಪತ್ತೊಂದು ವರ್ಷ ನಿಂತು ನಿಂತು ಕಾಲಿನ ನರ ಗಂಟು ಕಟ್ಟಿದೆ. ಅದನ್ನ ಎಣಿಸಿ ಅಂದೆ."

"ನಿಮ್ ಉಪಕಾರ್ಯದರ್ಶಿನೇ ಮೇಲು, ಅವರಾದ್ರೂ ನ್ಯಾಯ ಮಾತಾಡ್ತಾರೆ" ಎಂದೂ ಸೇರಿಸಿದಳು. ಅದು ಅವನಿಗೆ ಚುಚ್ಚಿತು. ಸಂಘದ ಉಪಕಾರ್ಯದರ್ಶಿ ಮೆತ್ತಗಿನ ಮನುಷ್ಯ. ಕೆಂಪಿನವರಿಗೆ ಅವರ ವರ್ಷ ಕೊಟ್ಟುಬಿಡೋಣ, ಜಗಳ ಮುಗಿಯಲಿ ಎಂದು ಮೊದಲಿನಿಂದ ಹೇಳಿಕೊಂಡು ಬಂದಿದ್ದ. ಗಂಡ ಇರುವವರೆಗೆ ಅವನ ಮಾತು ನಡೆಯುವಂತಿರಲಿಲ್ಲ. ಗಂಡ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದ. ಅತ್ತೆ ಒಳಗಿನಿಂದ, "ಅಂಗಿ ಸುಟ್ಟೀತು ಕಣೋ" ಎಂದರು.

ರೋಸ್ಟರ್ ಹಾಕುವ ಕಂಪ್ಯೂಟರಿಗೆ ಗಂಡಹೆಂಡಿರ ಜಗಳ ಹೇಗೆ ತಿಳಿಯಬೇಕು? ಎಂಟು ತಿಂಗಳಲ್ಲಿ ಮೊದಲ ಬಾರಿಗೆ, ಅದೂ ಇದೇ ದಿನ, ಅದು ಇಬ್ಬರನ್ನೂ ಒಂದೇ ವಿಮಾನಕ್ಕೆ ಹಾಕಿತ್ತು. ಅವಳು ಇನ್‌ಚಾರ್ಜ್, ಅವನು ಹಿಂಬದಿಯ ಸಿಬ್ಬಂದಿ. ಬಡ್ತಿ ತೆಗೆದುಕೊಂಡರೆ ಸಂಘದ ಹುದ್ದೆ ಬಿಡಬೇಕೆಂದು ಅವನು ಎರಡು ಸಲ ಬಡ್ತಿ ಬೇಡವೆಂದಿದ್ದ. ಹಾಗಾಗಿ ಮನೆಯಲ್ಲಿ ಅವಳಿಂದ "ರೀ" ಅನ್ನಿಸಿಕೊಳ್ಳುವವನು ವಿಮಾನದ ಮೆಟ್ಟಿಲು ಹತ್ತಿದ ಮೇಲೆ ಅವಳನ್ನೇ "ಮೇಡಂ" ಅನ್ನಬೇಕು. ಅಂದ ಕೂಡ. ಹಲ್ಲು ಕಚ್ಚಿಕೊಂಡೇ ಅಂದ.

ಹೊರಡುವ ಮುಂಚೆ ಇನ್‌ಚಾರ್ಜ್ ಆದವರು ಸಿಬ್ಬಂದಿಯನ್ನು ನಿಲ್ಲಿಸಿಕೊಂಡು ಐದು ನಿಮಿಷದ ಸಭೆ ಮಾಡಬೇಕು. ಗೋಡೆಯ ಮೇಲೆ 'ನಾವೀಗ ಒಂದೇ ಕುಟುಂಬ' ಎಂಬ ದೊಡ್ಡ ಪೋಸ್ಟರು ನಗುತ್ತಿತ್ತು. ಅದನ್ನು ಅಂಟಿಸಲು ಕಂಪನಿಗೆ ಸಿಕ್ಕ ಪುರುಸೊತ್ತು ಹೊಸ ಕೈಪಿಡಿ ಅಚ್ಚು ಹಾಕಿಸಲು ಸಿಕ್ಕಿರಲಿಲ್ಲ. ಎರಡು ಕಂಪನಿಗಳ ಕೆಲಸದ ರೀತಿ ಬೇರೆ ಬೇರೆ. ಅದನ್ನು ಕಲಿಸಲು ಅರ್ಧ ದಿನದ ತರಗತಿ ನಡೆದಿತ್ತು. ಅದರಲ್ಲೂ ಒಂದು ಗಂಟೆ ಹೊಸ ಬ್ಯಾಡ್ಜು ಎಲ್ಲಿ ಚುಚ್ಚಿಕೊಳ್ಳಬೇಕು ಎನ್ನುವುದಕ್ಕೇ ಹೋಗಿತ್ತು. ಕೈಪಿಡಿ ಬರುವ ತನಕ ಇವತ್ತಿನ ಬಾಗಿಲು ಯಾರ ಪದ್ಧತಿಯಂತೆ ಎಂದು ಇನ್‌ಚಾರ್ಜ್ ಈ ಸಭೆಯಲ್ಲೇ ಬಾಯಿಬಿಟ್ಟು ಹೇಳಬೇಕೆಂದು ಸುತ್ತೋಲೆ ಬಂದಿತ್ತು.

ಅವಳು ಹೇಳಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಯಾವ ಸಭೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಆವತ್ತು ಎದುರಿಗೆ ನಿಂತ ಮುಖ ನೋಡಲು ಮನಸ್ಸಾಗದೆ, ಕೈಯಲ್ಲಿದ್ದ ಹಾಳೆಯನ್ನೇ ನೋಡಿಕೊಂಡು, ಪ್ರಯಾಣಿಕರ ಸಂಖ್ಯೆ, ಗಾಲಿಕುರ್ಚಿಯವರು ಎಷ್ಟು, ಹಸುಗೂಸು ಎಷ್ಟು ಎಂದು ಓದಿ, "ಎಲ್ಲರಿಗೂ ಗೊತ್ತಿರೋದೇ, ನಡೀರಿ" ಎಂದುಬಿಟ್ಟಳು.

ಹಾರಾಟವೇನೋ ಸುಸೂತ್ರವಾಗಿ ನಡೆಯಿತು. ಕಂಬಳಿ ಇಲ್ಲವೆಂದು ಒಬ್ಬ ರೇಗಿದ, ಕುಡಿಯುವ ನೀರಿಗೂ ಲೋಟ ಸಣ್ಣದಾಯಿತೆಂದು ಇನ್ನೊಬ್ಬ ರೇಗಿದ. "ಮುಂಚೆ ನಿಮ್ಮ ಕೆಂಪು ಕಂಪನಿ ಎಷ್ಟು ಚೆನ್ನಾಗಿತ್ತಮ್ಮ" ಎಂದು ಒಬ್ಬ ಅಜ್ಜಿ ಗಟ್ಟಿಯಾಗಿ ಹೇಳಿದಾಗ ಹಿಂದಿನಿಂದ ಗಂಡ ಕೆಮ್ಮಿದ್ದು ಅವಳಿಗೆ ಕೇಳಿಸಿತು. ಮಧ್ಯಾಹ್ನ ಹನ್ನೆರಡೂವರೆಗೆ ವಿಮಾನ ಇಳಿದು ಬಂದು ನಿಂತಿತು.

ಇಲ್ಲಿ ಬಾಗಿಲಿನ ಸಂಗತಿ ಹೇಳಬೇಕು. ಹಾರುವಾಗ ವಿಮಾನದ ಪ್ರತಿ ಬಾಗಿಲಿನ ಸನ್ನೆ, ಅಂದರೆ ಪಕ್ಕದ ಸಣ್ಣ ಲಿವರು, 'ತುರ್ತು' ಕಡೆಗೆ ಇರುತ್ತದೆ. ಆಗ ಬಾಗಿಲು ತೆರೆದರೆ ಅದರ ಹೊಟ್ಟೆಯೊಳಗೆ ಮಡಚಿಟ್ಟ ರಬ್ಬರಿನ ಜಾರುಬಂಡೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಾಳಿ ತುಂಬಿಕೊಂಡು ಹೊರಗೆ ಚಿಮ್ಮುತ್ತದೆ. ಬೆಂಕಿ ಬಿದ್ದಾಗ ಜೀವ ಉಳಿಸುವ ವಸ್ತು ಅದು. ಆದರೆ ಆ ಹೊತ್ತಿನಲ್ಲಿ ಹೊರಗೆ ಯಾರಾದರೂ ನಿಂತಿದ್ದರೆ ಅವರ ಕಥೆ ಮುಗಿದಂತೆಯೇ. ಆದ್ದರಿಂದ ವಿಮಾನ ನಿಂತ ಕೂಡಲೇ ಸನ್ನೆಯನ್ನು 'ಸಾಮಾನ್ಯ'ಕ್ಕೆ ತಿರುಗಿಸಬೇಕು. ಕೆಂಪಿನವರಲ್ಲಿ ಇದಕ್ಕೆ ಒಂದೇ ಆದೇಶ. ಇನ್‌ಚಾರ್ಜ್ ಹೇಳಿದ ತಕ್ಷಣ ತಿರುಗಿಸಿ, ಆಯಿತೆಂದು ಫೋನ್ ಮಾಡಬೇಕು. ನೀಲಿಯವರಲ್ಲಿ ಎರಡು ಆದೇಶ. ಮೊದಲನೆಯದಕ್ಕೆ ಬಾಗಿಲ ಬಳಿ ಹೋಗಿ ಸನ್ನೆಯ ಮೇಲೆ ಕೈಯಿಟ್ಟು ನಿಲ್ಲಬೇಕು, ಎರಡನೆಯದಕ್ಕೆ ತಿರುಗಿಸಬೇಕು. ಅದಾದ ಮೇಲಷ್ಟೇ ಹೊರಗಿನಿಂದ ಶುಚಿ ಮಾಡುವವರು ಬಂದು ಬಾಗಿಲು ತಟ್ಟುತ್ತಾರೆ.

ಅವಳು ಮೈಕಿನಲ್ಲಿ ತನ್ನ ಒಂದೇ ಆದೇಶ ಕೊಟ್ಟಳು. ಮುಂದಿನ ಬಾಗಿಲುಗಳ ಸನ್ನೆ ತಾನೇ ತಿರುಗಿಸಿ ಫೋನಿಗೆ ಕಾದಳು. ಅದು ಸಣ್ಣ ವಿಮಾನ, ಇದ್ದದ್ದು ಮೂವರೇ ಸಿಬ್ಬಂದಿ. ಮೂರನೆಯವಳು ಮಧ್ಯದಲ್ಲಿ ಅಜ್ಜಿಯ ಚೀಲ ಇಳಿಸುತ್ತಿದ್ದಳು, ಹಿಂದಿನ ಎರಡು ಬಾಗಿಲಿಗೂ ಗಂಡನೊಬ್ಬನೇ. ಫೋನ್ ಬರಲಿಲ್ಲ. ಪ್ರಯಾಣಿಕರು ಎದ್ದು ನಿಂತು ಓಣಿ ತುಂಬಿಕೊಂಡಿದ್ದರಿಂದ ಹಿಂದೇನಾಗುತ್ತಿದೆ ಎಂದು ಕಾಣುತ್ತಲೂ ಇರಲಿಲ್ಲ. ತಲೆಯ ಪಕ್ಕದ ಫಲಕ ನೋಡಿದಳು. ಹಿಂದಿನ ಎರಡೂ ಬಾಗಿಲಿನ ದೀಪ ಇನ್ನೂ ಕೆಂಪಗೆ, ಅಂದರೆ 'ತುರ್ತು' ಎಂದೇ ಉರಿಯುತ್ತಿದ್ದವು.

ಬೆಳಿಗ್ಗೆ ತಾನು ನುಂಗಿದ ಮಾತು ಯಾವುದೆಂದು ಆ ಕ್ಷಣ ಅವಳಿಗೆ ತಿಳಿಯಿತು. ಅವನು ಎರಡನೇ ಆದೇಶಕ್ಕೆ ಕಾಯುತ್ತಿದ್ದಾನೆ. ಈ ನಿಲ್ದಾಣದಲ್ಲಿ ಶುಚಿಯವರ ಗಾಡಿ ಚುರುಕು, ಒಂದೇ ನಿಮಿಷದಲ್ಲಿ ಹಿಂದಿನ ಬಲಬಾಗಿಲಿಗೆ ಬಂದು ತಟ್ಟುತ್ತಾರೆ. ತಟ್ಟಿದರೆ ಸನ್ನೆ ತಿರುಗಿದೆ ಎಂದೇ ಹತ್ತೊಂಬತ್ತು ವರ್ಷದ ಅಭ್ಯಾಸದ ಕೈ ನಂಬಿ ಬಾಗಿಲಿನ ಹಿಡಿ ಎತ್ತುತ್ತದೆ. ಮೈಕು ಎತ್ತಿಕೊಂಡಳು.

"ಹಿಂದಿನ ಬಲಬಾಗಿಲು! ಕೈ ತೆಗೀರಿ! ರೀ, ಕೈ ತೆಗೀರಿ ಅಂದೆ!"

ಇಡೀ ವಿಮಾನ ತಿರುಗಿ ನೋಡಿತು. "ನಮ್ಮನೇಲೂ ಹಿಂಗೇ ಕೂಗ್ತಾರೆ" ಎಂದು ಯಾರೋ ಗಂಡಸು ಹೇಳಿದ, ನಾಲ್ಕು ಜನ ನಕ್ಕರು. ಫಲಕದ ಮೇಲೆ ಒಂದು ದೀಪ ಹಸಿರಾಯಿತು, ಆಮೇಲೆ ಇನ್ನೊಂದು. ಫೋನ್ ಬಡಿದುಕೊಂಡಿತು.

"ಮೇಡಂ" ಎಂದ ಗಂಡ. ಫೋನ್ ಇಟ್ಟುಬಿಟ್ಟ.

ಪ್ರಯಾಣಿಕರೆಲ್ಲ ಇಳಿದ ಮೇಲೆ ಅವಳು ಹಿಂದಕ್ಕೆ ನಡೆದಳು. ಗಂಡ ಎಡಬಾಗಿಲಿಗೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಹಿಡಿ ನಾಲ್ಕು ಬೆರಳು ಮೇಲೆದ್ದಿತ್ತು ಎಂದು ಕೈಯಲ್ಲೇ ತೋರಿಸಿದ. ಇನ್ನೊಂದು ಗೇಣು ಎತ್ತಿದ್ದರೆ ಮುಗಿದಿತ್ತು. ಅಷ್ಟರಲ್ಲಿ ಶುಚಿ ಮಾಡುವ ಹೆಂಗಸು ಬಕೆಟ್ಟು ಹಿಡಿದು ಒಳಗೆ ಬಂದಳು.

"ಏನ್ರಮ್ಮ, ಬಾಗ್ಲು ತೆಗಿಯಕ್ಕೆ ಇಷ್ಟೊತ್ತಾ ಇವತ್ತು? ಬಾಗ್ಲಿಗೆ ಕಿವಿ ಹಚ್ಕೊಂಡು ನಿಂತಿದ್ದೆ, ಒಳಗೆ ಯಾರಾದ್ರೂ ಇದ್ದಾರೋ ಇಲ್ವೋ ಅಂತ."

ಅವಳು ಗೊಣಗಿಕೊಂಡೇ ಸೀಟುಗಳ ಕೆಳಗಿನ ಕಸ ಬಳಿಯತೊಡಗಿದಳು. ಆ ಹೆಂಗಸಿನ ಕಿವಿಯಲ್ಲಿ ಸಣ್ಣ ಹಸಿರು ಓಲೆಗಳಿದ್ದವು. ಇನ್‌ಚಾರ್ಜಿಗೆ ಅವುಗಳಿಂದ ಕಣ್ಣು ಕೀಳಲಾಗಲಿಲ್ಲ. ತನ್ನ ಒಂದು ಹಾಳು ಸಿಟ್ಟಿಗೆ ಇವಳ ಪ್ರಾಣ ಹೋಗುತ್ತಿತ್ತು ಎಂದುಕೊಂಡಳು.

ಸಿಬ್ಬಂದಿ ಕೋಣೆಯಲ್ಲಿ ಮೂರು ಮೇಜು, ಒಂದು ನೀರಿನ ಯಂತ್ರ, ಗೋಡೆಯಲ್ಲಿ ಅದೇ ಪೋಸ್ಟರು. ಮೂರನೆಯ ಹುಡುಗಿ ಬಸ್ಸು ಹಿಡಿಯಲು ಓಡಿದ್ದಳು, ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಿದ್ದವರು ಗಂಡಹೆಂಡಿರು ಇಬ್ಬರೇ. ದೀಪ ಹಸಿರಾದ ಮೇಲೆ ಫಲಕಕ್ಕೆ ಯಾವ ನೆನಪೂ ಇರುವುದಿಲ್ಲ. ಆದರೆ ಅಪಘಾತ ಕೂದಲೆಳೆಯಲ್ಲಿ ತಪ್ಪಿದರೂ ಇನ್‌ಚಾರ್ಜ್ ವರದಿ ಬರೆಯಬೇಕು ಎಂಬುದು ನಿಯಮ. ಅವಳು ನಮೂನೆಯ ಹಾಳೆ ಎಳೆದುಕೊಂಡು ಕೂತಳು, ಪೆನ್ನಿನ ಕ್ಯಾಪು ತೆಗೆದಳು, ಪೆನ್ನು ಅಲ್ಲಿಗೇ ನಿಂತಿತು.

ಬರೆದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವರದಿ ಹೋದರೆ ವಿಚಾರಣೆ ಶುರು, ವಿಚಾರಣೆ ಬಾಕಿ ಇರುವವರು ಕಂಪನಿಯ ಜೊತೆ ಮಾತುಕತೆಗೆ ಕೂರುವಂತಿಲ್ಲ. ಆಡಳಿತದವರು ಹೆದರಿಸಿ ಸಹಿ ಹಾಕಿಸಿಕೊಳ್ಳಬಾರದೆಂದು ನೀಲಿ ಸಂಘ ಮಾಡಿಕೊಂಡಿದ್ದ ನಿಯಮ ಅದು, ಅದನ್ನು ಬರೆದವನು ಅವಳ ಗಂಡನೇ. ಅವನು ಕೂರದಿದ್ದರೆ ನಾಳೆ ಉಪಕಾರ್ಯದರ್ಶಿ ಕೂರುತ್ತಾನೆ, ಮುನ್ನೂರ ನಲವತ್ತು ಜನಕ್ಕೂ ಅವರವರ ವರ್ಷ ಸಿಗುತ್ತದೆ. ಅವಳಿಗೂ ಇಪ್ಪತ್ತೊಂದು ಸಿಗುತ್ತದೆ. ಬರೆಯದಿದ್ದರೆ ಅವನು ಸಹಿ ಹಾಕುತ್ತಾನೆ, ಅವಳು ಎಂಟು ತಿಂಗಳಿನವಳಾಗುತ್ತಾಳೆ.

ಇನ್ನೊಂದು ಕಲಮೂ ಇತ್ತು, ಎರಡೂ ಸಂಘಗಳು ಮೊದಲ ಸುತ್ತಿನಲ್ಲೇ ಒಪ್ಪಿದ್ದು. ಸಹಿಯ ದಿನ ಯಾರ ಮೇಲೆ ವಿಚಾರಣೆ ಬಾಕಿ ಇದೆಯೋ ಅವರನ್ನು ಪಟ್ಟಿಯ ಕೊನೆಗೆ ಹಾಕುವುದು, 'ತಾತ್ಕಾಲಿಕವಾಗಿ'. ಆ ಕಚೇರಿಯಲ್ಲಿ ತಾತ್ಕಾಲಿಕ ಎಂದರೆ ಎಷ್ಟು ವರ್ಷವೆಂದು ಎಲ್ಲರಿಗೂ ಗೊತ್ತಿತ್ತು. ಗಂಡ ಸನ್ನೆ ತಿರುಗಿಸಲಿಲ್ಲ ಎಂದಷ್ಟೇ ಬರೆದರೆ ಗಂಡ ಕೊನೆಗೆ ಹೋಗುತ್ತಾನೆ. ತಾನು ಸಭೆಯಲ್ಲಿ ಪದ್ಧತಿ ಹೇಳಲಿಲ್ಲ ಎಂದೂ ಬರೆದರೆ ತಾನೂ ಹೋಗಬೇಕು.

ಗಂಡ ಎರಡು ಲೋಟ ನೀರು ತಂದು ಎದುರಿಗೆ ಕೂತ.

"ಬರಿ" ಎಂದ. "ನನ್ನ ಮುಖ ಯಾಕೆ ನೋಡ್ತಿದ್ದೀಯ? ಆ ಹೆಂಗಸು ಸತ್ತೋಗ್ತಿದ್ಲು. ಬೇರೆ ಯಾರಾಗಿದ್ರೂ ನೀನು ಬರೀತಿದ್ದೆ."

"ನಾಳೆ?"

"ನಾಳೆ ಅವನು ಕೂತ್ಕೊಂಡು ಎಲ್ಲಾ ಬಿಟ್ಕೊಡ್ತಾನೆ. ಎರಡು ಸಾವಿರ ಜನ ನನ್ನ ಮುಖಕ್ಕೆ ಉಗೀತಾರೆ." ಅವನು ಒಂದು ಗುಟುಕು ನೀರು ಕುಡಿದು ಲೋಟ ಕೆಳಗಿಟ್ಟ. "ಆದ್ರೂ ಬರಿ."

ಅವಳು ಬರೆದಳು. ಹೊತ್ತು, ಬಾಗಿಲು, ದೀಪ, ನಾಲ್ಕು ಬೆರಳು. ಮೊದಲ ಪ್ಯಾರಾ ಮುಗಿಯಿತು. ಎರಡನೆಯದನ್ನು ಶುರುಮಾಡಿದಾಗ ಗಂಡ ತಲೆಕೆಳಗಾಗಿ ಓದುತ್ತಿದ್ದವನು ಗಬಕ್ಕನೆ ಹಾಳೆಯ ಮೇಲೆ ಕೈಯಿಟ್ಟ.

"ಇದೇನಿದು? ಸಭೆ ಗಿಭೆ ಎಲ್ಲ ಯಾಕೆ ತರ್ತೀಯ?"

"ನಾನು ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಯಾರಿಗೆ ಗೊತ್ತು? ನಾನು ಹೇಳೋದಿಲ್ಲ. ಆ ಹುಡುಗಿ ಫೋನ್ ನೋಡ್ತಿದ್ಲು, ಅವಳಿಗೆ ಏನೂ ನೆನಪಿರಲ್ಲ. ಕೈ ನಂದು, ತಪ್ಪು ನಂದು. ಮುಗೀತು. ಲೇ, ಕೇಳು. ಇಪ್ಪತ್ತೊಂದು ವರ್ಷ ಕಣೇ. ನಾಳೆ ನಿಂಗೆ ಸಿಗುತ್ತೆ. ಸುಮ್ನೆ ತಗೋ."

ಅವಳಿಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

"ಆಹಾ! ಎಂಟು ತಿಂಗಳಿಂದ ಅದೇ ಇಪ್ಪತ್ತೊಂದು ವರ್ಷ ಕೊಡಲ್ಲ ಅಂತ ಮೇಜು ಗುದ್ದಿದ್ದು ಯಾರು? ಈಗ ಕದ್ದು ಕೈಗೆ ತುರುಕ್ತಿದ್ದೀರ. ನ್ಯಾಯವಾಗಿ ಕೇಳಿದಾಗ ಕೊಡ್ಲಿಲ್ಲ, ಸುಳ್ಳು ಹೇಳಿ ತಗೋ ಅಂತೀರ. ನಿಮ್ಮ ಸಂಘದಲ್ಲಿ ಇದಕ್ಕೇನಂತಾರೆ?"

"ಸಂಘದ ಮಾತಲ್ಲ ಇದು. ನಾನು ನಿನ್ನ ಗಂಡ."

"ಅಲ್ಲಿ ಕಾರ್ಯದರ್ಶಿ, ಇಲ್ಲಿ ಗಂಡನಾ? ಹತ್ತೊಂಬತ್ತು ವರ್ಷ ನೀವು ಊರಿಗೆಲ್ಲ ಹೇಳಿದ್ದೇನು? ಒಬ್ಬನ ತಲೆಗೆ ತಪ್ಪು ಕಟ್ಟಿ ಕಂಪನಿ ಜಾರಿಕೊಳ್ಳೋಕೆ ಬಿಡಬೇಡಿ ಅಂತ. ಅರ್ಧ ದಿನದ ತರಗತಿ ಅಂತ ಬರೀದಿದ್ರೆ ನಾಳೆ ಇನ್ನೊಬ್ಬ ಇನ್ನೊಂದು ಬಾಗಿಲು ತೆಗೀತಾನೆ. ಆ ಕಡೆ ಇನ್ನೊಬ್ಬಳು ಕಿವಿ ಹಚ್ಕೊಂಡು ನಿಂತಿರ್ತಾಳೆ. ಕೈ ತೆಗೀರಿ."

ಅದೇ ದಿನ ಎರಡನೇ ಸಲ ಅವಳು ಆ ಮಾತು ಹೇಳುತ್ತಿದ್ದಳು. ಅವನು ಕೈ ತೆಗೆದ.

ವರದಿ ಒಪ್ಪಿಸಿದಾಗ ನಿಲ್ದಾಣದ ಮೇಲಧಿಕಾರಿಯಾದ ಬೇಸ್ ಮ್ಯಾನೇಜರು ಮೊದಲ ಪ್ಯಾರಾ ಓದುವಾಗ ತಲೆದೂಗುತ್ತಿದ್ದರು. ಎರಡನೆಯದಕ್ಕೆ ಬರುತ್ತಿದ್ದಂತೆ ಕನ್ನಡಕ ತೆಗೆದರು. "ಮೇಡಂ, ಮೊದಲನೇ ಭಾಗ ಸಾಕಲ್ವಾ? ವೈಯಕ್ತಿಕ ಲೋಪ, ಅಲ್ಲಿಗೆ ಮುಗೀತು. ಇದೆಲ್ಲ ಬರೆದ್ರೆ ನಿಮಗೂ ತೊಂದರೆ, ತರಬೇತಿ ವಿಭಾಗಕ್ಕೂ ತೊಂದರೆ. ನಾಳೆ ಬೇರೆ ಸಹಿ ಇದೆ." ಅವರು ಹೊಸದೊಂದು ಖಾಲಿ ಹಾಳೆಯನ್ನು ಮೇಜಿನ ಮೇಲೆ ಅವಳತ್ತ ಮೆಲ್ಲಗೆ ಸರಿಸಿದರು.

ಅವಳ ಕಣ್ಣು ಆ ಹಾಳೆಯ ಮೇಲೆ ಬಿತ್ತು. ಬೇಡವೆನ್ನಲು ಅವಳಿಗೇನೂ ಸುಲಭವಾಗಿರಲಿಲ್ಲ. ಹಾಳಾಗಿ ಹೋಗಲಿ ಬರೆದುಬಿಡೋಣ ಎಂದು ಒಂದು ಮನಸ್ಸು ಹೇಳುತ್ತಿತ್ತು. ಗಂಟುಕಟ್ಟಿದ ನರಗಳು, ಬಿಟ್ಟ ರಜೆಗಳು, ಅವಳೇ ಕೆಲಸ ಕಲಿಸಿ ಬೆಳೆಸಿದ ಹುಡುಗಿಯರು ನಾಳೆ ಅವಳಿಗೆ ಆದೇಶ ಕೊಡುವುದು, ಎಲ್ಲ ಒಟ್ಟಿಗೆ ನೆನಪಾಯಿತು.

"ಇದನ್ನೇ ತಗೊಳ್ಳಿ ಸಾರ್" ಎಂದಳು. "ತಲುಪಿದೆ ಅಂತ ಒಂದು ಸೀಲು ಹಾಕಿ ನನ್ನ ಪ್ರತಿ ಕೊಡಿ."

ಮರುದಿನ, ವಿಚಾರಣೆ ಬಾಕಿ ಎಂದು ಕೆಲಸವಿಲ್ಲದೆ, ಇಬ್ಬರೂ ಮನೆಯಲ್ಲೇ ಇದ್ದರು. ಎಷ್ಟೋ ವರ್ಷಕ್ಕೆ ಇಬ್ಬರೂ ಸಮವಸ್ತ್ರವಿಲ್ಲದೆ ಹಗಲಲ್ಲಿ ಮನೆಯಲ್ಲಿರುವುದು ನೋಡಿ ಅತ್ತೆ, "ಹಬ್ಬ ಗಿಬ್ಬ ಏನಾದ್ರೂ ಇದೆಯಾ?" ಎಂದು ಕೇಳಿ, ಇಬ್ಬರ ಮುಖ ನೋಡಿ ಬಾಯಿಮುಚ್ಚಿಕೊಂಡು ಒಳಗೆ ಹೋದರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಗಂಡ ಫೋನನ್ನು ಮಗುಚಿ ಇಡುವುದು, ಮತ್ತೆ ಎತ್ತಿ ನೋಡುವುದು ನಡೆಸಿದ್ದ. ಹನ್ನೆರಡಕ್ಕೆ ಅವನ ಫೋನಿಗೆ ಪಟ್ಟಿ ಬಂತು. ಅವನು ಅದನ್ನು ಕೊನೆಯವರೆಗೂ ಓದಿದ. ಫೋನು ಮಗುಚಿಟ್ಟ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕೆಂಪು ಸಂಘದ ಅಧ್ಯಕ್ಷೆ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವಳು. ಅವಳ ಗಂಟಲಿಗೆ ಸ್ಪೀಕರೇ ಬೇಕಿರಲಿಲ್ಲ.

"ಗೆದ್ವಿ ಕಣೇ! ಎಲ್ಲರಿಗೂ ಸೇರಿದ ದಿನದಿಂದಾನೇ! ಇಲ್ಲಿ ಹುಡುಗೀರು ಅಳ್ತಾ ಇದ್ದಾರೆ ಖುಷಿಗೆ. ನಿನ್ನ ಎದೆಗಾರಿಕೆ ಮೆಚ್ಚಬೇಕು ತಾಯಿ! ಸರಿಯಾದ ಹೊತ್ತು ನೋಡಿ, ಗಂಡ ಅಂತಾನೂ ನೋಡದೆ ಏಟು ಹಾಕ್ದೆ ನೋಡು. ಆರು ಸುತ್ತಲ್ಲಿ ನಮ್ಮ ಕೈಲಾಗದ್ದು ನೀನು ಒಂದು ಹಾಳೇಲಿ ಮಾಡ್ದೆ. ಆ ಮನುಷ್ಯನಿಗೆ ಗೊತ್ತಾಯ್ತಾ, ಬೇಕಂತಾನೇ ಮಾಡ್ದೆ ಅಂತ?"

ಗಂಡ ಎರಡು ಮೊಳ ದೂರದಲ್ಲಿ ಕೂತಿದ್ದ. ಎಲ್ಲವೂ ಅವನಿಗೆ ಕೇಳಿಸಿತು. ಅವಳ ಮುಖ ಕೆಂಪಾಯಿತು. ಅಲ್ಲ ಎಂದು ಹೇಳಲು ಬಾಯಿ ತೆರೆದಳು. ಹೇಳಿದರೆ ಯಾರು ನಂಬುತ್ತಾರೆ? ಸಂಭ್ರಮದಲ್ಲಿ ಯಾರೂ ಹಾಳೆಯ ಎರಡನೇ ಪ್ಯಾರಾದವರೆಗೆ ಹೋಗಿರಲಿಲ್ಲ.

"ದೊಡ್ಡಕ್ಕ, ಪಟ್ಟಿ ಕೈಲಿದೆಯಾ? ನಾನೆಲ್ಲಿದ್ದೀನಿ ನೋಡಿ."

"ನೋಡೋದೇನು, ನೀನು ಮೊದಲ ಪುಟದವಳು... ಇರು. ಇಪ್ಪತ್ತೊಂದು ವರ್ಷದೋರು ಇಲ್ಲಿದ್ದಾರೆ." ಹಾಳೆ ಮಗುಚುವ ಸದ್ದು. ಹಿಂದೆ ಹುಡುಗಿಯರು ನಗುತ್ತಿದ್ದರು, ಯಾರೋ ಚಪ್ಪಾಳೆ ತಟ್ಟುತ್ತಿದ್ದರು. "ಎರಡನೇ ಪುಟದಲ್ಲೂ ಕಾಣ್ತಿಲ್ಲ. ಏಯ್, ಸುಮ್ನಿರ್ರೇ ಸ್ವಲ್ಪ. ನಿನ್ನ ಬಿಟ್ಟೇಬಿಟ್ಟಿದ್ದಾರಾ ಇವರು? ಎಲ್ಲಿದ್ದೀಯೇ ನೀನು?"

ಗಂಡ ಕೈ ಚಾಚಿ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಕೊನೇ ಪುಟ ನೋಡಿ, ದೊಡ್ಡಕ್ಕ" ಎಂದ. "ಕೆಳಗಿಂದ ಎರಡನೇ ಸಾಲು. ಕೊನೇದು ನಾನು."